ಹಂದಿ ಕಾಟಕ್ಕೆ ಯಾವುದು: ಕೇಪಿನ ಕೋವಿಯೋ, ತೋಟೆ ಕೋವಿಯೋ, ಸೋಲಾರ್ ಬೇಲಿಯೋ?

ಈ ಸಲ ಮಳೆ ಹಿಡಿಯುವ ಮೊದಲೇ ಮೂರು ಮನೆಯವರು ನನ್ನಲ್ಲಿ ಒಂದೇ ಪ್ರಶ್ನೆ ಕೇಳಿದರು: ತೋಟಕ್ಕೆ ನುಗ್ಗುವ ಕಾಡುಹಂದಿಗೆ ಯಾವುದು ಸರಿ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆ ಕೇಪಿನ ಕೋವಿಯೋ, ಕಾರ್ಟ್ರಿಜ್ ಹಾಕುವ ತೋಟೆ ಕೋವಿಯೋ, ಸೋಲಾರ್ ಬೇಲಿಯೋ? ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಇರುವ ಚಿಕ್ಕಮ್ಮನ ಮಗ ನಾಲ್ಕು ಎಕ್ರೆಯಲ್ಲಿ ಹೊಸದಾಗಿ ಅಡಿಕೆ ಸಸಿ ನೆಟ್ಟಿದ್ದಾನೆ. ಒಂದೇ ರಾತ್ರಿಯಲ್ಲಿ ಹಂದಿ ಎರಡು ಸಾಲು ಮಗುಚಿ ಹಾಕಿದೆ. ಮುಳ್ಳೇರಿಯದ ಭಾವನ ಮನೆಯಲ್ಲಿ ಮಾವನ ಕಾಲದ ಕೇಪಿನ ಕೋವಿ ಇದೆ, ಅದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದು ಅವರ ಚಿಂತೆ. ಮೂರನೆಯದು ನಮ್ಮ ನೆರೆಮನೆ. ಮಕ್ಕಳಿಬ್ಬರೂ ದೂರ, ಮನೆಯಲ್ಲಿ ಎಪ್ಪತ್ತು ದಾಟಿದ ದಂಪತಿ, ಇರುವುದು ಅರ್ಧ ಎಕ್ರೆ ಮರಗೆಣಸು ಮತ್ತು ಬಾಳೆ. ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ಬರೆದಿಟ್ಟರೆ ಇನ್ನು ಕೆಲವರಿಗೂ ಉಪಯೋಗವಾದೀತು.

ಕೋವಿ ಅಂಗಡಿಗೋ ಬೇಲಿ ಕಟ್ಟುವವರಲ್ಲಿಗೋ ಹೋಗುವ ಮೊದಲು ಮನೆಯ ಚಾವಡಿಯಲ್ಲಿ ಕೂತು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ರಾತ್ರಿ ನಿದ್ದೆಗೆಟ್ಟು ಕಾಯುವ ಜನ ಮನೆಯಲ್ಲಿ ಇದ್ದಾರೆಯೇ? ವರ್ಷದಲ್ಲಿ ಎಷ್ಟು ರಾತ್ರಿ ಕಾದಾರು? ಜಾಗದ ಆಕಾರ ಹೇಗಿದೆ, ಚೌಕವೋ, ಎರಡು ಗುಡ್ಡೆಗಳ ನಡುವಿನ ಉದ್ದದ ಬಯಲೋ? ಸುತ್ತಮುತ್ತ ಮನೆಗಳು ಎಷ್ಟು ಹತ್ತಿರ? ಹಣವನ್ನು ಒಮ್ಮೆಲೇ ಹಾಕಬಲ್ಲಿರೋ, ವರ್ಷವರ್ಷ ಸ್ವಲ್ಪಸ್ವಲ್ಪ ಹಾಕುವುದು ಸುಲಭವೋ? ಕೊನೆಯದಾಗಿ, ಬಂದಿರುವುದು ನಿಜಕ್ಕೂ ಹಂದಿಯೇ? ಮಂಗನ ಕಾಟಕ್ಕೆ ಹಂದಿಯ ಉಪಾಯ ಹಿಡಿದು ಹಣ ಕಳೆದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ಇವೆಲ್ಲಕ್ಕಿಂತ ಮೊದಲು ಕಾನೂನಿನ ಒಂದು ವಿಷಯ ತಿಳಿದಿರಬೇಕು. ಹೆಚ್ಚಿನವರು ಎಡವುವುದು ಅಲ್ಲಿಯೇ. ಕೋವಿ ಇಟ್ಟುಕೊಳ್ಳುವ ಹಕ್ಕು ಬೇರೆ, ಹಂದಿಗೆ ಹೊಡೆಯುವ ಹಕ್ಕು ಬೇರೆ. ಮೊದಲನೆಯದು 1959ರ ಆಯುಧ ಕಾಯ್ದೆಯಿಂದ ಬರುತ್ತದೆ. ಆ ಕಾಯ್ದೆಯ 13ನೇ ವಿಧಿ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೇ ಹೆಸರಿಸಿ ಹೇಳಿದೆ. ಆ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ (ಒಳಗೆ ಸುರುಳಿ ಗೆರೆ ಇಲ್ಲದ) ಕೋವಿಗೂ ಲೈಸನ್ಸ್ ಕೊಡಬಹುದು. ಎರಡನೆಯ ಹಕ್ಕು 1972ರ ವನ್ಯಜೀವಿ ಕಾಯ್ದೆಗೆ ಸೇರಿದ್ದು. ಕಾಡುಹಂದಿ ಈಗ ಅದರ ಎರಡನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಣೆ ಇರುವ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ, ಅಪ್ಪಣೆ ಇಲ್ಲದೆ ಕೊಲ್ಲುವಂತಿಲ್ಲ. ಆ ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಪಂಚಾಯತ್ ಅಧ್ಯಕ್ಷರಿಗೆ, ನಗರಸಭೆಯ ಅಧ್ಯಕ್ಷರಿಗೆ ಕೊಟ್ಟಿತು. ಅಧ್ಯಕ್ಷರ ಆದೇಶದ ಮೇಲೆ ಲೈಸನ್ಸ್ ಇರುವ ಕೋವಿಯವರು ಹೊಡೆಯಬಹುದು. ವಿಷ, ಸಿಡಿಮದ್ದು, ಕರೆಂಟ್ ಕೊಟ್ಟು ಕೊಲ್ಲುವುದಕ್ಕೆ ಆದೇಶದಲ್ಲೂ ಅವಕಾಶವಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಮಾಡುವಂತಿಲ್ಲ.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಿ. ನಿಮ್ಮಲ್ಲಿ ಕೋವಿ ಇದ್ದರೂ ಆದೇಶ ಇಲ್ಲದಿದ್ದರೆ ಆಕಾಶಕ್ಕೆ ಒಂದು ಈಡು ಹಾರಿಸಿ ಓಡಿಸುವುದಷ್ಟೇ ನಿಮ್ಮ ಕೈಲಿರುವುದು, ಅದೂ ಯಾರಿಗೂ ಅಪಾಯವಾಗದಂತೆ. ಆದೇಶ ಸಿಕ್ಕಿದರೆ ಕೋವಿ ನಿಮ್ಮದೇ ಆಗಬೇಕೆಂದಿಲ್ಲ, ಪಂಚಾಯತ್ ಪಟ್ಟಿಯಲ್ಲಿರುವ ಶೂಟರ್ ಬಂದು ಹೊಡೆಯಬಹುದು. ಕೋವಿಗಾಗಿ ವರ್ಷಗಟ್ಟಲೆ ಓಡಾಡುವ ಮೊದಲು ನಿಮ್ಮ ಪಂಚಾಯತಿಗೆ ಹೋಗಿ ಪಟ್ಟಿಯಲ್ಲಿ ಯಾರಿದ್ದಾರೆ, ಕರೆದರೆ ಎಷ್ಟು ದಿನದಲ್ಲಿ ಬರುತ್ತಾರೆ ಎಂದು ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಗಡಿಯಾಚೆ ಕರ್ನಾಟಕದ ಪುತ್ತೂರು, ಸುಳ್ಯ, ಬಂಟ್ವಾಳದ ಕಡೆಗೂ ಜಾಗ ಇರುವವರು ನಮ್ಮಲ್ಲಿ ಅನೇಕರು. ಕೇರಳದ ಈ ಆದೇಶ ಗಡಿ ದಾಟುವುದಿಲ್ಲ. ನಿಮ್ಮ ಲೈಸನ್ಸ್ ಯಾವ ಪ್ರದೇಶಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ, ಓದಿಕೊಳ್ಳಿ. ಕೊಡಗಿನ ನೆಂಟರಿಗೆ ಇರುವ ಲೈಸನ್ಸ್ ವಿನಾಯಿತಿ ನಮಗಿಲ್ಲ ಎಂಬುದನ್ನೂ ನೆನಪಿಡಿ.

ಈಗ ಕೇಪಿನ ಕೋವಿ. ನಮ್ಮ ಹಳೆಯ ಮನೆಗಳಲ್ಲಿ ಉಳಿದಿರುವುದು ಹೆಚ್ಚಾಗಿ ಇದೇ. ಬಾಯಿಯಿಂದ ಕರಿಮದ್ದು ಹಾಕಿ, ತೆಂಗಿನ ಕತ್ತವನ್ನು (ನಾರನ್ನು) ಗಜಕೋಲಿನಿಂದ ಗಿಡಿದು, ಮೇಲೆ ಚರೆ (ಸಣ್ಣ ಸಣ್ಣ ಗುಂಡುಗಳು) ಅಥವಾ ಒಂಟಿ ಗುಂಡು, ಅದರ ಮೇಲೆ ಮತ್ತೊಂದು ಪದರ ಕತ್ತ. ಕೊನೆಗೆ ಹಿಂದಿನ ತುದಿಗೆ ಕೇಪು, ಅಂದರೆ ಪೆಟ್ಟು ಬಿದ್ದರೆ ಸಿಡಿದು ಮದ್ದಿಗೆ ಕಿಡಿ ಕೊಡುವ ಸಣ್ಣ ಟೊಪ್ಪಿ. ಇದರ ಗುಣ ಹೇಳುವುದಾದರೆ, ಕಾಯ್ದೆಯೇ ಬೆಳೆ ಕಾಯಲು ಎಂದು ಒಪ್ಪಿಕೊಂಡ ಕೋವಿ ಇದು. ಯಂತ್ರ ಸರಳ, ಖರ್ಚು ಕಡಿಮೆ, ಶಬ್ದ ದೊಡ್ಡದು. ಓಡಿಸುವುದಕ್ಕಷ್ಟೇ ಬೇಕಾದರೆ ಚರೆ ಇಲ್ಲದೆ ಮದ್ದು, ಕತ್ತ ಮಾತ್ರ ಹಾಕಿ ಹಾರಿಸಬಹುದು. ಇಡೀ ಬಯಲು ನಡುಗುತ್ತದೆ.

ದೋಷವೂ ಅದರ ಗುಣದೊಳಗೇ ಇದೆ. ಒಂದು ಈಡು ಮುಗಿದರೆ ಮುಂದಿನದಕ್ಕೆ ಕತ್ತಲಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಬೇಕು. ಗಾಯಗೊಂಡ ಗಂಡು ಹಂದಿ ತಿರುಗಿ ಬಂದರೆ ನಿಮ್ಮ ಕೈಯಲ್ಲಿರುವುದು ಒಂದು ಕೋಲು ಮಾತ್ರ. ಎರಡನೆಯದು ನಮ್ಮ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಜಿಲ್ಲೆ ಇದು. ಕರಿಮದ್ದು ಗಾಳಿಯಲ್ಲಿನ ಪಸೆ ಎಳೆದುಕೊಳ್ಳುತ್ತದೆ. ಆಟಿ ತಿಂಗಳ ಒಂದು ಮಳೆಯ ರಾತ್ರಿ ನಾನು ಕೋವಿಯ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿಟ್ಟೆ, ಕೇಪು ಸಿಡಿಯಿತು, ಮದ್ದು ಹೊತ್ತಲಿಲ್ಲ. ಅವಸರದಲ್ಲಿ ನಳಿಗೆ ತಿರುಗಿಸಿ ನೋಡಲು ಹೊರಟವನ ರಟ್ಟೆ ಹಿಡಿದು ದೊಡ್ಡಪ್ಪ ನಿಲ್ಲಿಸಿದರು. ಅಷ್ಟರಲ್ಲಿ ಈಡು ಹೋಯಿತು. ಕೇಪು ಸಿಡಿದು ಮದ್ದು ಹೊತ್ತದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಒಂದು ನಿಮಿಷವಾದರೂ ಹಾಗೆಯೇ ಇರಬೇಕು. ಆ ರಾತ್ರಿ ಕಲಿತದ್ದನ್ನು ನಾನು ಮರೆತಿಲ್ಲ.

ಹಾರಿಸಿದ ಮೇಲಿನ ಕೆಲಸವೂ ಇದೆ. ಕರಿಮದ್ದಿನ ಮಸಿ ಕಬ್ಬಿಣವನ್ನು ತಿನ್ನುತ್ತದೆ. ನಾಳೆ ನೋಡೋಣ ಎಂದು ಮೂಲೆಗೆ ಒರಗಿಸಿದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ತುಕ್ಕು. ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು, ಅದೇ ದಿನ. ಈ ಶಿಸ್ತು ಇಲ್ಲದ ಮನೆಗೆ ಕೇಪಿನ ಕೋವಿ ಬೇಡ ಎಂದು ನಾನು ನೇರವಾಗಿ ಹೇಳುತ್ತೇನೆ.

ಇಲ್ಲಿ ಒಂದು ಪ್ರಶ್ನೆ ಈಚೆಗೆ ಹುಡುಗರಿಂದ ಬರುತ್ತಿದೆ. ಅಮೆರಿಕಾದವರ ವಿಡಿಯೋ ನೋಡಿ, ಕರಿಮದ್ದಿಗೆ ಬದಲಿ ಮದ್ದು ಇದೆಯಂತೆ, ಪೈರೋಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209, ಅದನ್ನು ಹಾಕಬಹುದೇ ಎಂದು ಕೇಳುತ್ತಾರೆ. ಅವು ಅಲ್ಲಿನ ಕೋವಿಗಳಿಗೆ ಹೊಂದಿಸಿ ಮಾಡಿದವು. ಪೈರೋಡೆಕ್ಸನ್ನು ಕರಿಮದ್ದಿನ ಅಳತೆಯ ಪಾತ್ರೆಯಲ್ಲೇ ಅಳೆಯುತ್ತಾರೆ. ಆದರೆ ಅದು ತೂಕದಲ್ಲಿ ಹಗುರ, ತಕ್ಕಡಿಯಲ್ಲಿ ತೂಗಿ ಅಷ್ಟೇ ತೂಕ ಹಾಕಿದರೆ ಹೆಚ್ಚಾಗಿಬಿಡುತ್ತದೆ. ಹೊತ್ತಿಕೊಳ್ಳಲು ಕರಿಮದ್ದಿಗಿಂತ ಹೆಚ್ಚು ಬಿಸಿ ಬೇಕು, ಮಸಿಯೂ ಕಬ್ಬಿಣಕ್ಕೆ ಒಳ್ಳೆಯದಲ್ಲ. ಟ್ರಿಪಲ್ ಸೆವೆನ್‌ನಲ್ಲಿ ಗಂಧಕವಿಲ್ಲ, ಬರೀ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಆದರೆ ಅದರ ಶಕ್ತಿ ಹೆಚ್ಚು, ಅಳತೆಯನ್ನು ಸುಮಾರು 15 ಶೇಕಡಾ ಕಡಿಮೆ ಮಾಡಬೇಕು. ಬ್ಲ್ಯಾಕ್‌ಹಾರ್ನ್ ಪಸೆಗೆ ಜಗ್ಗುವುದಿಲ್ಲ, ಮಳೆನಾಡಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅದನ್ನು ಹೊತ್ತಿಸಲು ತೋಟೆಗೆ ಹಾಕುವ 209 ಪ್ರೈಮರಿನ ಬಲವಾದ ಕಿಡಿಯೇ ಬೇಕು, ನಮ್ಮ ಕೋವಿಯ ಸಣ್ಣ ಕೇಪಿಗೆ ಅದು ಹೊತ್ತುವುದಿಲ್ಲ. ಕಲ್ಲಿನ ಕಿಡಿಯ ಕೋವಿಗಂತೂ ಈ ಮೂರೂ ಒಗ್ಗುವುದಿಲ್ಲ. ಅಜ್ಜಂದಿರ ಕಾಲದ ನಳಿಗೆ ಎಷ್ಟು ಒತ್ತಡ ತಡೆಯುತ್ತದೆ ಎಂದು ಯಾರೂ ಬರೆದಿಟ್ಟಿಲ್ಲ. ನಮ್ಮ ಕೇಪಿನ ಕೋವಿಗೆ ಲೈಸನ್ಸ್ ಇರುವ ಅಂಗಡಿಯ ಕರಿಮದ್ದು, ಅದೂ ಲೈಸನ್ಸಿನಲ್ಲಿ ಬರೆದಷ್ಟೇ. ಅದರಾಚೆಗೆ ಹೋಗಬೇಡಿ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ತೋಟೆ ಬಿಚ್ಚಿ ಅದರ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಸುರಿಯಬೇಡಿ. ಅದರ ಒತ್ತಡ ಬೇರೆಯೇ. ನಳಿಗೆ ಮುಖದ ಹತ್ತಿರ ಒಡೆಯುತ್ತದೆ. ಮನೆಯಲ್ಲಿ ಮದ್ದು ಕುಟ್ಟುವುದೂ ಹಾಗೆಯೇ, ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ.

ತೋಟೆ ಕೋವಿಯ ವಿಷಯಕ್ಕೆ ಬರುತ್ತೇನೆ. ಸಾಮಾನ್ಯವಾಗಿ 12 ಬೋರು. ಒಂಟಿ ನಳಿಗೆಯದೂ ಇದೆ, ಜೋಡಿ ನಳಿಗೆಯದೂ ಇದೆ. ತೋಟೆಯೊಳಗೆ ಮದ್ದು ಮುಚ್ಚಿಕೊಂಡಿರುವುದರಿಂದ ಮಳೆಯಲ್ಲಿ ಕೈಕೊಡುವುದು ಬಹಳ ಕಡಿಮೆ. ಮಡಚಿ, ಹಾಕಿ, ಮುಚ್ಚಿದರೆ ಆಯಿತು. ಹೊಡೆಯುವುದು ಬೇಡವಾದರೆ ತೋಟೆ ತೆಗೆದು ಕಿಸೆಗೆ ಹಾಕಬಹುದು. ಕೇಪಿನ ಕೋವಿಯಲ್ಲಿ ತುಂಬಿದ ಈಡನ್ನು ಅಷ್ಟು ಸುಲಭದಲ್ಲಿ ಹೊರಗೆ ತೆಗೆಯಲಾಗದು, ಹಾಗಾಗಿ ತುಂಬಿದ ಕೋವಿ ಮನೆಯಲ್ಲಿ ಉಳಿಯುತ್ತದೆ. ಮಕ್ಕಳಿರುವ ಮನೆಗೆ ಈ ಒಂದು ವ್ಯತ್ಯಾಸವೇ ತೀರ್ಮಾನಕ್ಕೆ ಸಾಕು.

ಜೋಡಿ ನಳಿಗೆಯದು ಭಾರ, ಬೆಲೆಯೂ ಹೆಚ್ಚು. ಆದರೆ ಎರಡನೇ ಈಡು ಕೈಯಲ್ಲೇ ಇರುತ್ತದೆ. ಪಂಚಾಯತ್ ಆದೇಶದ ಮೇಲೆ ಹೊಡೆಯಲು ಹೊರಟವರಿಗೆ ಅದೇ ಸರಿ. ತೋಟ ಕಾಯುವುದಕ್ಕಷ್ಟೇ ಆದರೆ ಒಂಟಿ ನಳಿಗೆ ಸಾಕು. ಹಕ್ಕಿಗೆ ಹೊಡೆಯುವ ಸಣ್ಣ ಚರೆಯ ತೋಟೆಯಿಂದ ಹಂದಿಗೆ ಹೊಡೆಯುವುದು ಕ್ರೂರ. ಅದು ಸಾಯುವುದಿಲ್ಲ, ಕೊಳೆತ ಗಾಯ ಹೊತ್ತು ಮತ್ತೆ ಯಾರದೋ ತೋಟಕ್ಕೆ ಬರುತ್ತದೆ. ಎಲ್‌ಜಿ, ಎಸ್‌ಜಿಯಂಥ ದಪ್ಪ ಚರೆ ಬೇಕು, 30 ಮೀಟರಿನೊಳಗೆ ಇರಬೇಕು.

ಎರಡೂ ಕೋವಿಗೆ ಸಮನಾದ ಒಂದು ಅಪಾಯ ನಮ್ಮ ಊರಿನ ವಾಸದ ಕ್ರಮದಿಂದಲೇ ಬರುತ್ತದೆ. ನಮ್ಮಲ್ಲಿ ಮನೆಗಳು ಒಂದೇ ಕಡೆ ಗುಂಪಾಗಿಲ್ಲ, ಒಂದೊಂದು ತೋಟಕ್ಕೆ ಒಂದೊಂದು ಮನೆ. ಯಾವ ದಿಕ್ಕಿಗೆ ಹೊಡೆದರೂ ಆಚೆ ಯಾರದೋ ಅಂಗಳ. ಮುರಕಲ್ಲಿನ ಗೋಡೆಗೆ ತಾಗಿದ ಚರೆ ತಿರುಗಿ ಹಾರುತ್ತದೆ. ಬೆಳಗಿನ ಮೂರು ಗಂಟೆಗೆಲ್ಲ ರಬ್ಬರ್ ಟ್ಯಾಪಿಂಗಿನವರು ತಲೆಗೆ ಲೈಟು ಕಟ್ಟಿಕೊಂಡು ಗುಡ್ಡೆಯಲ್ಲಿ ಓಡಾಡುತ್ತಿರುತ್ತಾರೆ. ದೂರದಲ್ಲಿ ಕಾಣುವ ಒಂದು ಹೊಳಪು ಹಂದಿಯ ಕಣ್ಣೋ ಒಬ್ಬ ಮನುಷ್ಯನೋ ಎಂದು ಗೊತ್ತಾಗುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು. ನಿಮ್ಮ ಜಾಗದ ಹಿಂದೆ ಗುಡ್ಡೆಯ ಮಣ್ಣಿನ ದರೆ ಇಲ್ಲದಿದ್ದರೆ, ಸುತ್ತಲೂ ಮನೆಗಳೇ ಆದರೆ, ಕೋವಿಯ ಯೋಚನೆ ಬಿಡಿ.

ಲೈಸನ್ಸಿನ ದಾರಿ ಉದ್ದ. ಅರ್ಜಿ ಆನ್‌ಲೈನ್. ಆಮೇಲೆ ಪೊಲೀಸರ ವಿಚಾರಣೆ, ವೈದ್ಯರ ಪ್ರಮಾಣಪತ್ರ, ಕೋವಿ ಬಳಕೆಯ ತರಬೇತಿ, ಸುರಕ್ಷಿತವಾಗಿ ಇಡುವ ವ್ಯವಸ್ಥೆ. ತೀರ್ಮಾನ ವಿದ್ಯಾನಗರದ ಕಲೆಕ್ಟರೇಟಿನಲ್ಲಿ. ಜಾಗದ ದಾಖಲೆ, ತೆರಿಗೆ ರಶೀದಿ, ಬೆಳೆ ಹಾಳಾದ ಫೋಟೋ, ಕೃಷಿಭವನದವರು ಬಂದು ನೋಡಿದ್ದಕ್ಕೆ ಏನಾದರೂ ಕಾಗದ ಇದ್ದರೆ ಅದು, ಇವನ್ನೆಲ್ಲ ಮೊದಲೇ ಜೋಡಿಸಿಟ್ಟರೆ ಒಳ್ಳೆಯದು. 2019ರ ತಿದ್ದುಪಡಿಯ ನಂತರ ಲೈಸನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿಡುವ ಸಂದರ್ಭ ಬರುತ್ತದೆ, ಬೆಳೆ ಕಾಯಬೇಕಾದ ತಿಂಗಳಲ್ಲೇ ಕೋವಿ ಕೈಯಲ್ಲಿ ಇರುವುದಿಲ್ಲ. ಕೋವಿಯೊಂದನ್ನೇ ನಂಬಿ ಕೂತವರಿಗೆ ಇದು ದೊಡ್ಡ ಪೆಟ್ಟು.

ಸೋಲಾರ್ ಬೇಲಿ ಬೇರೆ ರೀತಿಯ ಲೆಕ್ಕ. ನಾನು ಒಂಬತ್ತು ವರ್ಷದಿಂದ ಇದನ್ನು ನೋಡಿಕೊಂಡು ಬಂದಿದ್ದೇನೆ. ಫಲಕದಿಂದ 12 ವೋಲ್ಟಿನ ಬ್ಯಾಟರಿ ತುಂಬುತ್ತದೆ, ಎನರ್ಜೈಸರ್ ಎಂಬ ಪೆಟ್ಟಿಗೆ ಅದನ್ನು ಕೆಲವು ಸಾವಿರ ವೋಲ್ಟಿಗೆ ಏರಿಸಿ ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಬಿಡುತ್ತದೆ. ಆ ಹೊಡೆತ ಇರುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಹಾಗಾಗಿ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಇದಲ್ಲ. ಅದು ಅಪರಾಧ, ಕೇರಳದಲ್ಲಿ ಅಂಥ ತಂತಿಗೆ ತಾಗಿ ಮನುಷ್ಯರೇ ಸತ್ತಿದ್ದಾರೆ.

ಹಂದಿಗಾದರೆ ತಂತಿಯ ಎತ್ತರ ಮುಖ್ಯ. ಆನೆಗೆ ಕಟ್ಟುವ ಹಾಗೆ ಎತ್ತರದಲ್ಲಿ ಕಟ್ಟಿದರೆ ಹಂದಿ ಅಡಿಯಿಂದ ನುಗ್ಗುತ್ತದೆ. ಕೆಳಗಿನ ತಂತಿ ನೆಲದಿಂದ 20 ಸೆಂಟಿಮೀಟರ್ ಆಸುಪಾಸು, ಎರಡನೆಯದು 45ರ ಹತ್ತಿರ. ಮೂತಿಗೆ ತಾಗಬೇಕು, ಬೆನ್ನಿನ ಬಿರುಸು ರೋಮಕ್ಕೆ ತಾಗಿದರೆ ಪ್ರಯೋಜನವಿಲ್ಲ. ಅಷ್ಟು ಕೆಳಗಿನ ತಂತಿಗೆ ಹುಲ್ಲು ತಾಗುವುದೂ ಬೇಗ. ಜೂನ್‌ನಿಂದ ಅಕ್ಟೋಬರ್ ವರೆಗೆ ಹದಿನೈದು ದಿನಕ್ಕೊಮ್ಮೆ ಹುಲ್ಲು ಸವರದಿದ್ದರೆ ಕರೆಂಟೆಲ್ಲ ಮಣ್ಣಿಗೆ ಇಳಿದು ಹೋಗುತ್ತದೆ. ನನ್ನ ಎರಡನೇ ವರ್ಷ ಹಾಗೆಯೇ ಆಯಿತು. ಬೇಲಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಮಲಗಿದ್ದೆ, ಕಾಡುಬಳ್ಳಿ ಹಬ್ಬಿ ತಂತಿ ಸತ್ತಿತ್ತು. ಬೆಳಿಗ್ಗೆ ನೋಡಿದರೆ ಮೂವತ್ತಕ್ಕೂ ಹೆಚ್ಚು ಸಸಿ ಬೇರು ಮೇಲೆ. ಈಗ ವೋಲ್ಟ್ ನೋಡುವ ಸಣ್ಣ ಟೆಸ್ಟರ್ ಇಟ್ಟುಕೊಂಡಿದ್ದೇನೆ. 4,000ಕ್ಕಿಂತ ಕೆಳಗಿಳಿದರೆ ಕತ್ತಿ ಹಿಡಿದು ಹೊರಡುತ್ತೇನೆ.

ಬೇಸಗೆಯ ತೊಂದರೆ ಇದಕ್ಕೆ ತಿರುಗುಮುರುಗು. ಮುರಕಲ್ಲಿನ ಒಣ ನೆಲದಲ್ಲಿ ಅರ್ತಿಂಗ್ ಹಿಡಿಯುವುದಿಲ್ಲ, ಹಂದಿ ತಂತಿ ಮುಟ್ಟಿದರೂ ಹೊಡೆತ ಹತ್ತುವುದಿಲ್ಲ. ಅರ್ತಿಂಗ್ ಸಲಾಕೆಯನ್ನು ತೋಟದ ತಂಪು ಜಾಗದಲ್ಲಿ ಹೂಳಬೇಕು. ನಾನು ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಿಲದ) ನೀರು ಹರಿಯುವ ಕಣಿಯ ಪಕ್ಕ ಹಾಕಿದ್ದೇನೆ, ಮೇ ತಿಂಗಳಲ್ಲೂ ಒಣಗುವುದಿಲ್ಲ.

ಖರ್ಚು ಜಾಗದ ವಿಸ್ತೀರ್ಣಕ್ಕೆ ಅಲ್ಲ, ಸುತ್ತಳತೆಗೆ. ಚೌಕವಾದ ಒಂದು ಎಕ್ರೆಗೆ ಸುಮಾರು 255 ಮೀಟರ್ ಬೇಲಿ ಸಾಕು. ನಾಲ್ಕು ಎಕ್ರೆಯ ಚೌಕಕ್ಕೆ 510 ಮೀಟರ್, ಅಂದರೆ ಎಕ್ರೆಗೆ ಬೀಳುವ ಖರ್ಚು ಅರ್ಧ. ಅದೇ ಒಂದು ಎಕ್ರೆ 20 ಮೀಟರ್ ಅಗಲದ ಉದ್ದ ಬಯಲಾದರೆ 445 ಮೀಟರ್ ಬೇಕಾಗುತ್ತದೆ. ಅಂಥ ಕಡೆ ನೆರೆಯವರ ಜೊತೆ ಸೇರಿ ಎರಡು ಮೂರು ತೋಟಕ್ಕೆ ಒಂದೇ ಬೇಲಿ ಕಟ್ಟಿದರೆ ಎಲ್ಲರಿಗೂ ಲಾಭ. ಹುಲ್ಲು ಸವರುವ ಪಾಳಿಯನ್ನು ಮೊದಲೇ ಮಾತಾಡಿಕೊಳ್ಳಬೇಕು, ಜಗಳ ಹುಟ್ಟುವುದು ಅಲ್ಲಿಯೇ. ಸಬ್ಸಿಡಿ ಇದೆಯೇ ಎಂದು ಕೃಷಿಭವನದಲ್ಲಿ ಕೇಳಿ ಕೆಲಸ ಶುರು ಮಾಡಿ. ಕಟ್ಟಿದ ಮೇಲೆ ಕೇಳಿದರೆ ಸಿಗುವುದು ಕಷ್ಟ.

ಉಳಿದವು ಬೇಗ ಹೇಳಬಹುದು. ಮುರಕಲ್ಲಿನ ಗೋಡೆ ಎಲ್ಲಕ್ಕಿಂತ ಬಾಳಿಕೆ, ಎಲ್ಲಕ್ಕಿಂತ ಖರ್ಚು. ಅಗಳು (ಕಂದಕ) ತೋಡಿದರೆ ಎರಡು ಮಳೆಗಾಲಕ್ಕೆ ದರೆ ಜರಿಯುತ್ತದೆ. ಹಳೆ ಮೀನಿನ ಬಲೆ, ಸೀರೆ ಕಟ್ಟುವುದು ಕೆಲವು ವಾರ ನಡೆಯುತ್ತದೆ, ಆಮೇಲೆ ಹಂದಿಗೆ ಅಭ್ಯಾಸವಾಗುತ್ತದೆ. ಗಾಳಿ ಕೋವಿ ಹಂದಿಗೆ ಏನೂ ಅಲ್ಲ. ಮಂಗನ ಮೇಲೆ ಯಾವ ಕೋವಿಯನ್ನೂ ಎತ್ತುವಂತಿಲ್ಲ, ನಮ್ಮ ಮಂಗ ಈಗ ಮೊದಲನೇ ಅನುಸೂಚಿಯಲ್ಲಿದೆ. ಕಾರ್ಬೈಡಿನ ಗ್ಯಾಸಿಗೆ ಕಿಡಿ ಕೊಟ್ಟು ಸದ್ದು ಮಾಡುವ ಪೈಪಿನ ಕೋವಿ ಅಗ್ಗವೆಂದು ಕೊಳ್ಳಬೇಡಿ. 2025ರ ದೀಪಾವಳಿಯಲ್ಲಿ ಭೋಪಾಲದ ಕಡೆ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟು ಬಿದ್ದದ್ದು ಅದರಿಂದಲೇ. ಹಣ್ಣಿನೊಳಗೆ ಸಿಡಿಮದ್ದು ಇಡುವುದು, ದಾರಿಗೆ ಅಡ್ಡ ದಾರ ಕಟ್ಟಿ ಕೋವಿ ಇಡುವುದು, ಇವು ಆಯ್ಕೆಗಳೇ ಅಲ್ಲ. 2020ರಲ್ಲಿ ಪಾಲಕ್ಕಾಡಿನಲ್ಲಿ ಬಸುರಿ ಆನೆ ಬಾಯಿ ಛಿದ್ರವಾಗಿ ನೀರಿನಲ್ಲಿ ನಿಂತೇ ಸತ್ತದ್ದನ್ನು ನಾವೆಲ್ಲ ನೋಡಿದ್ದೇವೆ.

ಇನ್ನು ಆ ಮೂರು ಮನೆ. ಪೆರ್ಲದ ತಮ್ಮನಿಗೆ ಬೇಲಿ ಎಂದೆ. ಜಾಗ ಹೆಚ್ಚುಕಡಿಮೆ ಚೌಕ, ಸಸಿ ಎಳೆಯವು, ಮೂರು ನಾಲ್ಕು ವರ್ಷ ಕಾಯಬೇಕು. ಅಷ್ಟು ವರ್ಷ ಪ್ರತಿ ರಾತ್ರಿ ಕೋವಿ ಹಿಡಿದು ಕೂರುವುದು ಯಾರಿಂದಲೂ ಆಗದ ಕೆಲಸ. ಹೆಣ್ಣು ಹಂದಿ ನಾಲ್ಕು ತಿಂಗಳೊಳಗೆ ಗಬ್ಬ ಕಳೆದು ನಾಲ್ಕಾರು ಮರಿ ಹಾಕುತ್ತದೆ, ಒಂದನ್ನು ಹೊಡೆದರೆ ಕಾಟ ನಿಲ್ಲದು. ಬೇಲಿ ಇದ್ದೂ ನುಗ್ಗುವ ಒಂಟಿ ಗಂಡು ಹಂದಿ ಬಂದರೆ ಮಾತ್ರ ಪಂಚಾಯತ್ ಶೂಟರನ್ನು ಕರೆಯಲಿ.

ಭಾವನ ಮನೆಯಲ್ಲಿ ಮಾವನಿಗೆ ಎಪ್ಪತ್ತು ದಾಟಿದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸನ್ಸುದಾರರಿಗೆ 70 ವರ್ಷ ಆದ ಮೇಲೆ, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡ ಮೇಲೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು. ಹೊಸ ಲೈಸನ್ಸಿಗಿಂತ ಈ ದಾರಿ ಹಗುರ. ಭಾವನ ತೋಟದ ಹಿಂದೆ ಎತ್ತರದ ದರೆ ಇದೆ, ಅವರು ಶಿಸ್ತಿನ ಮನುಷ್ಯ, ಮನೆಯಲ್ಲಿ ಸಣ್ಣ ಮಕ್ಕಳಿಲ್ಲ. ಇಟ್ಟುಕೊಳ್ಳಿ ಎಂದೆ. ಮೊದಲು ಲೈಸನ್ಸ್ ಇರುವ ಕೋವಿ ರಿಪೇರಿಯವರಲ್ಲಿ ನಳಿಗೆ ತೋರಿಸಬೇಕು, ಒಳಗೆ ತುಕ್ಕಿನ ಹೊಂಡ ಇದ್ದರೆ ಆ ಕೋವಿಯಿಂದ ಇನ್ನು ಈಡು ಬೇಡ. ಹಾಗಾದರೆ ತೋಟೆ ಕೋವಿಗೆ ಬದಲಾಯಿಸಲು ಅನುಮತಿ ಕೇಳುವುದು ಮುಂದಿನ ಹೆಜ್ಜೆ.

ನೆರೆಮನೆಯ ಹಿರಿಯರಿಗೆ ಕೋವಿಯೂ ಬೇಡ, ದೊಡ್ಡ ಬೇಲಿಯೂ ಬೇಡ ಎಂದೆ. ಅರ್ಧ ಎಕ್ರೆ ಮರಗೆಣಸನ್ನು ಈ ವರ್ಷ ಮನೆಯ ಪಕ್ಕದ ಸಣ್ಣ ಜಾಗಕ್ಕೆ ತಂದು, ಅಷ್ಟಕ್ಕೆ ಮಾತ್ರ ಎರಡು ಸಾಲು ಸೋಲಾರ್ ತಂತಿ. ಹುಲ್ಲು ನಾನು ಸವರಿ ಕೊಡುತ್ತೇನೆ. ಹೋದ ತಿಂಗಳು ಹಾಳಾದ ಬಾಳೆಯ ಫೋಟೋ ತೆಗೆದು ಸರಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ ಹಾಕಿಸಿದ್ದೇವೆ. ನಾಡಿದ್ದು ಆದಿತ್ಯವಾರ ಕಂಬ ಹೂಳುವ ಕೆಲಸ. ಅರ್ತಿಂಗ್ ಸಲಾಕೆಗೆ ಅವರ ಬಾವಿಕಟ್ಟೆಯ ಪಕ್ಕದ ಹಸಿ ಜಾಗ ನೋಡಿಟ್ಟಿದ್ದೇನೆ.